ಕರು ಒಪ್ಪಿಸುವವಳ ಮನೆಗೆ ಬೆಕ್ಕಿನ ಮರಿ

ರಾಯಕೋಟೆಯ ಸುತ್ತಮುತ್ತಲ ನಾಲ್ಕೈದು ಹಳ್ಳಿಗಳಲ್ಲಿ ಪಾಪಮ್ಮನನ್ನು ಅರಿಯದ ಜನರಿರಬಹುದು, ಹಸುಗಳಂತೂ ಇರಲಿಲ್ಲ. ಕರು ಸತ್ತ ಹಸುವಿಗೆ ತಾಯಿ ಸತ್ತ ಕರುವನ್ನು ಒಪ್ಪಿಸಬೇಕಾದರೆ ಜನ ದನದ ಡಾಕ್ಟರಿಗಿಂತ ಮೊದಲು ಅವಳಿಗೆ ಫೋನ್ ಮಾಡುತ್ತಿದ್ದರು. ಅವಳು ಹೋಗಿ ಬೂಸಾಕ್ಕೆ ಬೆಲ್ಲ, ಉಪ್ಪು ಹಾಕಿ ಕಲಸಿ ಆ ಪರದೇಸಿ ಕರುವಿನ ಬೆನ್ನಿಗೆ, ಬಾಲದ ಬುಡಕ್ಕೆ ಮೆತ್ತುತ್ತಿದ್ದಳು. ಹಸು ಮೊದಲು ಬೂಸಾದ ಆಸೆಗೆ ನೆಕ್ಕುತ್ತಿತ್ತು, ಆಮೇಲೆ ಬೆಲ್ಲದ ಆಸೆಗೆ, ಆಮೇಲೆ ಯಾತಕ್ಕೆ ನೆಕ್ಕುತ್ತಿದ್ದೇನೆ ಎಂಬುದನ್ನೇ ಮರೆತು ನೆಕ್ಕುತ್ತಿತ್ತು. ಮೂರನೆಯ ದಿನಕ್ಕೆ ಅದು ಅದರದೇ ಕರು. ಪಾಪಮ್ಮ ಎಲೆ ಅಡಿಕೆ, ಒಂದು ರವಿಕೆ ಕಣ ಮಡಿಲಿಗೆ ಹಾಕಿಸಿಕೊಂಡು, ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಕಥೆ ಹೇಳುತ್ತಾ ಮನೆಗೆ ಬರುತ್ತಿದ್ದಳು.

ಇಂಥ ಪಾಪಮ್ಮನಿಗೆ ಒಂದೂವರೆ ವರ್ಷದಿಂದ ಒಂದು ಕೆಲಸ ಮಾತ್ರ ಕೈಗೂಡಿರಲಿಲ್ಲ. ಮನೆಗೆ ಬಂದ ಸೊಸೆ ಮನೆಗೆ ಒಗ್ಗಿರಲಿಲ್ಲ.

ಸೊಸೆ ಸುಷ್ಮಾ ಡೆಂಕಣಿಕೋಟೆ ಕಡೆಯ ಹುಡುಗಿ. ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ. ಗಂಡ ಬಾಲಾಜಿಯದೂ ಹೊಸೂರಿನಲ್ಲೇ ಕೆಲಸ, ಬೇರೆ ಕಂಪನಿ. ಹುಡುಗಿ ಕೆಟ್ಟವಳೆಂದು ಯಾರೂ ಹೇಳುವಂತಿರಲಿಲ್ಲ. ಬಟ್ಟಲು ತೊಳೆಯುತ್ತಿದ್ದಳು, ರಜೆ ಇದ್ದ ದಿನ ಹುಲ್ಲು ತರುತ್ತಿದ್ದಳು. ಆದರೆ ಮಾತೆಂದರೆ ಎರಡೇ: ‘ಸರಿ ಅತ್ತೆ’, ‘ಬೇಡ ಅತ್ತೆ’. ಪಾಪಮ್ಮನ ಗಂಟಲೋ, ಮೂರನೆಯ ಹೊಲದಲ್ಲಿ ಕಳೆ ಕೀಳುವವರಿಗೂ ಕೇಳಿಸುವಂಥದ್ದು. ಕೂಗಿ ಮಾತಾಡಿ, ಜಗಳವಾಡಿ, ಅರ್ಧ ಗಂಟೆಗೆಲ್ಲ ಮರೆತು ಒಟ್ಟಿಗೆ ಕಾಫಿ ಕುಡಿಯುವ ಮನೆಯಿಂದ ಬಂದವಳು ಅವಳು. ಮಾತೇ ಆಡದ ಸೊಸೆಯೊಡನೆ ಹೇಗೆ ಬದುಕಬೇಕೋ ಅವಳಿಗೆ ತಿಳಿಯದು.

ಅದರ ಮೇಲೆ ಒಂದು ದಿನ ಬಾಲಾಜಿ ಹಿತ್ತಿಲಲ್ಲಿ ನಿಂತು ಫೋನಿನಲ್ಲಿ ಯಾರಿಗೋ ಹೊಸೂರಿನಲ್ಲಿ ಬಾಡಿಗೆ ಮನೆ ಇದ್ದರೆ ಹೇಳಿ ಎನ್ನುತ್ತಿದ್ದುದು ಅವಳ ಕಿವಿಗೆ ಬಿತ್ತು. ಕಂಪನಿಗೆ ಹತ್ತಿರವಿರಬೇಕಂತೆ, ಸುಷ್ಮಾ ಕೇಳಿದ್ದಾಳಂತೆ. ಪಾಪಮ್ಮ ಹಿತ್ತಿಲ ಬಾಗಿಲಿಂದಲೇ ಹಿಂದೆ ಸರಿದಳು. ಲೋಕದ ಕರುಗಳನ್ನೆಲ್ಲ ಒಪ್ಪಿಸಿ ಬಂದವಳು ಮನೆಯ ಸೊಸೆಯನ್ನು ಉಳಿಸಿಕೊಳ್ಳಲಾರದೆ ಹೋದಳೆಂದು ಊರು ಆಡಿಕೊಳ್ಳುತ್ತದೆ ಎಂಬ ಭಯ ಒಂದು. ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿ ಅವಳಿಗೆ ಬೇಕಾಗಿದ್ದಳು. ಹೆಣ್ಣು ಮಕ್ಕಳಿಲ್ಲದ ಮನೆ. ಆದರೂ ಬಾಯಿ ಬಿಟ್ಟು ಕೇಳಲಿಲ್ಲ. ಜನ್ಮದಲ್ಲಿ ಮೊದಲ ಸಲ ಅವಳು ಬಾಯಿ ಮುಚ್ಚಿಕೊಂಡಿದ್ದು ಆಗಲೇ ಇರಬೇಕು, ಅದೂ ತಪ್ಪು ಜಾಗದಲ್ಲಿ.

ಹೀಗಿರುವಾಗ ಒಂದು ಸೋಮವಾರ ಮೊದಲ ಶಿಫ್ಟು ಮುಗಿಸಿ ಬಂದ ಸುಷ್ಮಾ ಟಿಫಿನ್ ಚೀಲವನ್ನು ಎಂದಿನಂತೆ ಮೊಳೆಗೆ ನೇತುಹಾಕಲಿಲ್ಲ. ಎದೆಗೆ ಅವುಚಿಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಚೀಲದೊಳಗಿಂದ ಒಂದು ಬೂದು ತಲೆ, ಅದರ ಹಿಂದೆ ತಲೆಗಿಂತ ದೊಡ್ಡ ಕಿವಿಗಳು ಹೊರಗೆ ಬಂದವು.

“ಕಂಪನಿ ಬಸ್ಸಲ್ಲಿ ಸೀಟಿನ ಅಡೀಲಿ ಇತ್ತು ಅತ್ತೆ. ತಾಯಿ ಎಲ್ಲೈತೋ ಗೊತ್ತಿಲ್ಲ. ಡ್ರೈವರು ‘ಪೂನೈಕು ಐಡಿ ಕಾರ್ಡ್ ಎಂಗೇಮ್ಮಾ’ ಅಂತ ಗೇಲಿ ಮಾಡ್ದ. ಬೆಕ್ಕಿಗೂ ಐಡಿ ಕಾರ್ಡ್ ಬೇಕಂತೆ.” ಹುಡುಗಿ ಒಂದು ಕ್ಷಣ ನಕ್ಕಳು. ಆಮೇಲೆ ಕೇಳಿದಳು, “ಇದ ಮನೇಲೇ ಮಡಿಕ್ಕಳಾಣವಾ ಅತ್ತೆ?”

ಪಾಪಮ್ಮನಿಗೆ ಬೆಕ್ಕೆಂದರೆ ಆಗದು. ಹಾಲಿನ ಪಾತ್ರೆಯ ಮುಚ್ಚಳ ತೆಗೆಯುವ ಜಾತಿ ಎಂದು ಕಂಡಲ್ಲಿ ಕಲ್ಲೆಸೆಯುತ್ತಿದ್ದವಳು. ಆದರೆ ಒಂದೂವರೆ ವರ್ಷದಲ್ಲಿ ಸೊಸೆ ಬಾಯಿ ಬಿಟ್ಟು ಕೇಳಿದ ಮೊದಲ ವಸ್ತು ಇದು. ಸೀರೆ ಕೇಳಲಿಲ್ಲ, ಓಲೆ ಕೇಳಲಿಲ್ಲ.

“ಮಡಿಕ್ಕ ಮಗ, ಅದೇನ್ ಮಹಾ” ಎಂದುಬಿಟ್ಟಳು.

ಜಗಲಿಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ ಅವಳ ಗಂಡ ಲಕ್ಷ್ಮಣಪ್ಪ ತಲೆಯೆತ್ತದೆ ಕೇಳಿದ, “ಬಂಟನ್ನ ಕೇಳ್ದ್ಯಾ?”

ಬಂಟ ಮನೆಯ ನಾಯಿ. ಆರು ವರ್ಷದ ಕೆಂಚು ನಾಯಿ, ಒಂದು ಕಿವಿ ಹಂದಿ ಸೀಳಿದ್ದು. ರಾಗಿ ಹೊಲಕ್ಕೆ ಹಂದಿ ಬಂದಾಗ ಪಾಪಮ್ಮ ಮನೆಯ ಮುಂದೆ ನಿಂತು ‘ಹಿಡೀ’ ಎಂದು ಕೂಗಿದರೆ ಸಾಕು, ಅದು ಬಾಣದ ಹಾಗೆ ಹೋಗುತ್ತಿತ್ತು. ಹಿಂದಿನ ವರ್ಷ ಒಂದು ಮುಂಗುಸಿಯನ್ನು ಕೊಂದಿತ್ತು. ಪಕ್ಕದ ಮನೆಯ ರಮಾದೇವಿಯ ಬೆಕ್ಕು ಇದರ ಭಯಕ್ಕೆ ತೆಂಗಿನ ಮರ ಹತ್ತಿ ಎರಡು ದಿನ ಇಳಿಯದೆ ಕೂತಿತ್ತು.

“ಬಂಟನ್ನ ನಾನ್ ನೋಡ್ಕತೀನಿ. ಎಷ್ಟ್ ಕರು ಒಪ್ಸಿಲ್ಲ ನಾನು? ಮೂರೇ ದಿನ” ಎಂದು ಪಾಪಮ್ಮ ಬೀಗಿದಳು.

ಸುಷ್ಮಾ ಮರಿಗೆ ನಟ್ಟು ಎಂದು ಹೆಸರಿಟ್ಟಳು. ಫ್ಯಾಕ್ಟರಿಯಲ್ಲಿ ದಿನವಿಡೀ ಅವಳು ಕೈಯಾಡಿಸುವುದು ನಟ್ಟು ಬೋಲ್ಟಿನಲ್ಲೇ ಆದ್ದರಿಂದ ಬೇರೆ ಹೆಸರು ಹೊಳೆಯಲಿಲ್ಲವಂತೆ. ಎರಡು ದಿನ ನಟ್ಟು ಅವಳ ಕೋಣೆಯೊಳಗೆ, ಬಂಟ ಬಾಗಿಲ ಹೊರಗೆ. ಬಾಗಿಲ ಸಂದಿಗೆ ಮೂಗಿಟ್ಟು ಬಂಟ ಗುರ್ ಎನ್ನುವುದು, ಒಳಗಿನಿಂದ ಅಂಗೈಯಷ್ಟೂ ಇಲ್ಲದ ಪ್ರಾಣಿ ಉಸ್ ಎನ್ನುವುದು. ಮೂರನೆಯ ದಿನ ಬುಧವಾರ, ಸುಷ್ಮಾ ಕತ್ತಲಿರುವಾಗಲೇ ಎದ್ದು ಕಂಪನಿ ಬಸ್ಸಿಗೆ ಹೋದಳು. ಅವಳು ನಾಲ್ಕು ಗಂಟೆಗೆ ಬರುವಷ್ಟರಲ್ಲಿ ಇಬ್ಬರೂ ಒಂದಾಗಿರಬೇಕು, ಹುಡುಗಿ ನೋಡಿ ಬೆರಗಾಗಬೇಕು, ಎಂದು ಪಾಪಮ್ಮ ಲೆಕ್ಕ ಹಾಕಿದಳು. ಹಸುವಿಗೆ ಬೂಸಾ ಬೆಲ್ಲ ಇಷ್ಟ. ನಾಯಿಗೆ ಏನಿಷ್ಟ? ಬಂಟನಿಗೆ ಪ್ರಾಣವೆಂದರೆ ಒಣಮೀನಿನ ಸಾರು. ಹಿಂದಿನ ರಾತ್ರಿಯದು ಮಡಕೆಯ ತಳದಲ್ಲಿ ಇನ್ನೂ ಇತ್ತು.

ನಗಬೇಡಿ. ಮೂವತ್ತು ವರ್ಷ ಒಂದು ಕೆಲಸ ಕೈತಪ್ಪದೆ ನಡೆದಿದ್ದರೆ ಯಾರಿಗಾದರೂ ಇಂಥ ಬುದ್ಧಿಯೇ ಹೊಳೆಯುತ್ತದೆ.

ಪಾಪಮ್ಮ ಮರಿಯನ್ನು ಮಡಿಲಲ್ಲಿಟ್ಟುಕೊಂಡು ತಲೆಯಿಂದ ಬಾಲದವರೆಗೆ ಸಾರು ಸವರಿದಳು. ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು “ಬಾ ಬಂಟ, ನೆಕ್ಕು, ನಿನ್ ತಮ್ಮ ಕಣೋ” ಎಂದಳು. ಬಂಟ ಬಂತು. ಮೂಸಿತು. ಒಂದು ಸಲ ನೆಕ್ಕಿತು. ಪಾಪಮ್ಮನ ಮುಖ ಅರಳಿತು. ಇನ್ನೊಂದು ಸಲ ನೆಕ್ಕಿತು. ಮೂರನೆಯ ಸಲಕ್ಕೆ ನಟ್ಟುವಿನ ಬೆನ್ನಿಗೆ ಬಾಯಿ ಹಾಕಿ ಎತ್ತಿಕೊಂಡು ಓಡಿತು.

ಪಾಪಮ್ಮ ಕಿರುಚಿದ ಸದ್ದಿಗೆ ಹುಣಿಸೆಮರದ ಕಾಗೆಗಳೆಲ್ಲ ಎದ್ದವು. ಕೈಗೆ ಸಿಕ್ಕ ಮೊರ ಬೀಸಿದಳು. ಬಂಟನ ಬೆನ್ನಿಗೆ ಬಿತ್ತು. ಅದು ಕುಂಯ್ ಎಂದು ಬಾಯಿ ಬಿಟ್ಟಿತು. ನಟ್ಟು ನೆಲಕ್ಕೆ ಬಿದ್ದು, ಉರುಳಿ, ಎದ್ದು, ಹಿತ್ತಿಲ ಗೋಡೆಗೆ ಒಟ್ಟಿದ್ದ ಹಿಪ್ಪುನೇರಳೆ ಕಡ್ಡಿಗಳ ರಾಶಿಯೊಳಕ್ಕೆ ನುಗ್ಗಿ ಮಾಯವಾಯಿತು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಉಳಿದ ಕಡ್ಡಿ ಅದು, ಒಲೆಗೆಂದು ಎರಡು ವರ್ಷದಿಂದ ಒಟ್ಟಿದ್ದು, ಆಳುದ್ದದ ರಾಶಿ. ಪಾಪಮ್ಮನ ಸೆರಗಿನ ಮೇಲೆ ಒಂದು ಹನಿ ರಕ್ತವಿತ್ತು.

ಕರೆದಳು. ಬೇಡಿಕೊಂಡಳು. ಬಟ್ಟಲಲ್ಲಿ ಹಾಲಿಟ್ಟು ಒಂದು ಗಂಟೆ ಕಾದಳು. ಒಳಗಿನಿಂದ ಒಂದು ಮಿಸುಕಾಟವೂ ಇಲ್ಲ. ಸತ್ತೇ ಹೋಯಿತೇನೋ ಎಂದುಕೊಂಡಳು. ಬೆಕ್ಕಿನ ಮರಿಗಾಗಿ ಅಳುತ್ತೇನೆಂದು ಅವಳು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಕಡ್ಡಿ ರಾಶಿಯ ಮುಂದೆ ಕೂತು ಮೂಗು ಸೀಟಿಕೊಂಡು ಅತ್ತಳು.

ತೋಟದಿಂದ ಬಂದ ಲಕ್ಷ್ಮಣಪ್ಪ ಎಲ್ಲ ಕೇಳಿ ತಲೆ ಕೆರೆದುಕೊಂಡ. “ಬಾಗ್ಲು ತೆಗೆದಿತ್ತು, ತಾನೇ ಓಡೋಯ್ತು ಅಂದ್ಬುಡು. ಬೀದಿ ಬೆಕ್ಕು. ಯಾರ್ ಕೇಳ್ತಾರೆ?”

ಸುಳ್ಳು ಸುಲಭವಾಗಿತ್ತು. ಹುಡುಗಿ ‘ಸರಿ ಅತ್ತೆ’ ಎಂದು ಒಳಗೆ ಹೋಗುತ್ತಾಳೆ, ಅಷ್ಟೆ. ಆಮೇಲೆ ಹೊಸೂರಿಗೂ ಹೋಗುತ್ತಾಳೆ. ಹಾಗೆ ಸುಳ್ಳು ಹೇಳಿ ಕಳಿಸುವುದಕ್ಕಿಂತ ಇರುವುದನ್ನು ಹೇಳಿ ಕಳಿಸುವುದೇ ಮೇಲು ಎಂದು ಪಾಪಮ್ಮ ಕಣ್ಣೊರೆಸಿಕೊಂಡು ಬಾಗಿಲಲ್ಲಿ ಕೂತಳು.

ನಾಲ್ಕು ಗಂಟೆಗೆ ಸುಷ್ಮಾ ಬಂದಳು. ಪಾಪಮ್ಮ ಅವಳು ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

“ಏನ್ ಹಚ್ಚಿದ್ರಿ?” ಸುಷ್ಮಾ ಮೆಲ್ಲಗೆ ಕೇಳಿದಳು.

“ಒಣಮೀನ್ ಸಾರು.”

“ಒಣಮೀನ್ ಸಾರಾ!” ಹುಡುಗಿಯ ಗಂಟಲು ಇಷ್ಟು ದೊಡ್ಡದೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. “ಹಸ ಏನು ಕರೂನ ತಿಂತದಾ ಅತ್ತೆ? ನಾಯಿಗೆ ಸಾರು ಹಚ್ಚಿ ಕೊಟ್ರೆ ಅದು ಊಟ ಅಂದ್ಕಳದೆ ಇನ್ನೇನ್ ಅಂದ್ಕತದೆ? ಒಂದು ಬಾಳೆಲೆ ಹಾಸೋದೊಂದ್ ಬಾಕಿ ಮಡ್ಗಿದ್ರಿ! ನನ್ನ ಒಂದ್ ಮಾತು ಕೇಳಬಾರ್ದಾ? ನಮ್ಮವ್ವನ ಮನೇಲಿ ಮೂರ್ ಬೆಕ್ಕು, ಎರಡ್ ನಾಯಿ ಒಂದೇ ಜಗಲೀಲಿ ಮಲಗ್ತವೆ. ಎಲ್ಲಾ ನಿಮಗೇ ಗೊತ್ತಾ?”

ಲಕ್ಷ್ಮಣಪ್ಪ ಹಗ್ಗದ ಉಂಡೆ ಕೆಳಗಿಟ್ಟು ಎದ್ದು ನಿಂತ. ಪಾಪಮ್ಮನಿಗೆ ಎದುರಾಡಿದವರನ್ನು ಅವನು ಕಂಡಿದ್ದು ಕಡಿಮೆ. ಪಾಪಮ್ಮನಿಗೆ ಮಾಡಿದ ತಪ್ಪಿಗೆ ಅಳು ಬರುತ್ತಿತ್ತು. ಅದರ ಜೊತೆಗೇ, ಹೇಳಿದರೆ ನಂಬುತ್ತೀರೋ ಇಲ್ಲವೋ, ಒಳಗೊಳಗೇ ಖುಷಿಯೂ ಆಗುತ್ತಿತ್ತು. ಪರರ ಮನೆಯಲ್ಲಿ ಯಾರೂ ಹೀಗೆ ಬೈಯುವುದಿಲ್ಲ.

“ಬಂಟ ಎಲ್ಲಿ?” ಎಂದು ಸುಷ್ಮಾ ಹಿತ್ತಿಲಿಗೆ ನಡೆದಳು. ಏಟು ತಿಂದ ಬಂಟ ಓಡಿಹೋಗಿರಲಿಲ್ಲ. ಕಡ್ಡಿ ರಾಶಿಯ ಒಂದು ಮೂಲೆಯ ಮುಂದೆ ಮುಂಗಾಲು ಚಾಚಿ ಮಲಗಿ, ಒಂದೇ ಕಡೆ ನೋಡುತ್ತಿತ್ತು. ಸುಷ್ಮಾ ಅದರ ಪಕ್ಕ ಮಂಡಿಯೂರಿ ಕಿವಿಗೊಟ್ಟಳು.

“ಉಸಿರಾಡ್ತೈತೆ! ಕಡ್ಡಿ ತೆಗೀರಿ. ಎಳೀಬ್ಯಾಡಿ, ಮೇಲಿಂದ ಒಂದೊಂದೇ ತೆಗೀರಿ. ಕುಸಿದ್ರೆ ಅಪ್ಪಚ್ಚಿ ಆಗ್ತದೆ.”

ಲಕ್ಷ್ಮಣಪ್ಪ ಬಂಟನನ್ನು ಸರಪಳಿಗೆ ಕಟ್ಟಿ ಬಂದ. ಎರಡು ವರ್ಷ ಒಟ್ಟಿದ ರಾಶಿಯನ್ನು ಮೂವರೂ ಸೇರಿ ಇಳಿಸತೊಡಗಿದರು. ಬೈಗುಳಕ್ಕೆ ಒಮ್ಮೆ ಬಾಯಿ ತೆರೆದಿದ್ದ ಸುಷ್ಮಾಗೆ ಮತ್ತೆ ಮುಚ್ಚಲು ಆಗಲಿಲ್ಲವೋ ಏನೋ, ಕಡ್ಡಿ ತೆಗೆದು ಎಸೆಯುತ್ತಾ ಹಳೆಯದನ್ನೆಲ್ಲ ಹೊರಗೆ ಹಾಕಿದಳು. ರಾತ್ರಿ ಶಿಫ್ಟು ಮುಗಿಸಿ ಬಂದು ಬೆಳಿಗ್ಗೆ ಮಲಗಿದರೆ ಅವಳ ಗೋಡೆಗೆ ಅಂಟಿಕೊಂಡೇ ಗ್ರೈಂಡರು ತಿರುಗುತ್ತದೆ. ಹೋದ ತಿಂಗಳು ಧರ್ಮಪುರಿಯ ನೆಂಟರನ್ನು ಕೋಣೆಗೇ ಕರೆದು ತಂದು ‘ನೋಡಿ, ನಮ್ ಸೊಸೆ ಹಗಲೊತ್ತು ಮಲಗ್ತಾಳೆ’ ಎಂದು ತೋರಿಸಿದ್ದಾಯಿತು. ಬೀದಿಯಲ್ಲಿ ಹೋಗುವವರನ್ನೆಲ್ಲ ಅತ್ತೆ ಜಗಲಿಯಿಂದಲೇ ಕೂಗಿ ಮಾತಾಡಿಸುತ್ತಾಳೆ. ಯಂತ್ರದ ಮುಂದೆ ನಿಂತು ತೂಕಡಿಸಿದರೆ ಬೆರಳೇ ಹೋಗುತ್ತದೆ. ಎರಡು ಸಲ ಸೂಪರ್‌ವೈಸರ್ ಕೈಲಿ ಬೈಸಿಕೊಂಡಿದ್ದಾಳೆ.

ಪಾಪಮ್ಮ ಕಡ್ಡಿ ಹಿಡಿದುಕೊಂಡೇ ನಿಂತುಬಿಟ್ಟಳು. “ಅದಕ್ಕಾ ಹೊಸೂರಲ್ಲಿ ಮನೆ ನೋಡ್ತಾ ಇರೋದು?”

ಸುಷ್ಮಾ ತಬ್ಬಿಬ್ಬಾದಳು. ಅತ್ತೆಗೆ ಗೊತ್ತಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. “ಅದಕ್ಕೇ. ನಿದ್ದೆನಾದ್ರೂ ಮಾಡ್ಬೌದು ಅಂತ.”

“ನಮ್ಮನ್ನ ಕಂಡ್ರಾಗಲ್ಲ ಅಂದ್ಕಂಡಿದ್ದೆ ಕಣಮ್ಮಿ. ಬಾಯ್ ಬಿಟ್ ಹೇಳಬಾರ್ದಾಗಿತ್ತಾ?”

“ನೀವು ಬಾಯಿ ಮುಚ್ಚಿದ್ ಯಾವಾಗ ಅತ್ತೆ, ನಾನ್ ಬಿಡಾಕೆ?”

ಲಕ್ಷ್ಮಣಪ್ಪ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿಕೊಂಡ. ಬೆಳಕು ಇನ್ನೂ ಇರುವಾಗಲೇ ರಾಶಿಯ ತಳದಲ್ಲಿ, ಗೋಡೆಯ ಮೂಲೆಗೆ ಒತ್ತಿಕೊಂಡು ಕೂತಿದ್ದ ನಟ್ಟು ಕಾಣಿಸಿತು. ಮೈಯೆಲ್ಲ ದೂಳು, ಸಾರಿನ ನಾತ, ಬೆನ್ನ ಮೇಲೆ ಒಂದು ಸಣ್ಣ ಹಲ್ಲಿನ ಗುರುತು. ಸುಷ್ಮಾ ಎತ್ತಿಕೊಂಡು ಕತ್ತಿನ ಕೆಳಗೆ ಅವುಚಿಕೊಂಡಳು. ಅರಿಶಿನ ಹಚ್ಚಲು ಪಾಪಮ್ಮ ಕೈ ಚಾಚಿದರೆ ಅದು ಉಸ್ ಎಂದಿತು. “ಸರಿಯಾಗೇ ಹೇಳ್ತೈತೆ” ಎಂದು ಪಾಪಮ್ಮ ಕೈ ಹಿಂದೆಗೆದಳು.

ಗುರುವಾರದಿಂದ ಯಜಮಾನಿಕೆ ಸುಷ್ಮಾಳದು. ಕೋಳಿ ಮುಚ್ಚುವ ಬಿದಿರ ಮಂಕರಿಯ ಕೆಳಗೆ ನಟ್ಟು, ಮಂಕರಿಯ ಮೇಲೊಂದು ಕಲ್ಲು. ಅಂಗಳದ ಆಚೆ ತುದಿಗೆ ಸರಪಳಿಯಲ್ಲಿ ಬಂಟ. ಬಂಟ ಮಲಗುವ ಗೋಣಿ ನಟ್ಟುವಿನ ಕೆಳಗೆ, ನಟ್ಟು ಮಲಗಿದ ಹಳೆಯ ಟವೆಲ್ಲು ಬಂಟನ ಜಾಗದಲ್ಲಿ. ಇಬ್ಬರಿಗೂ ಒಂದೇ ಹೊತ್ತಿಗೆ ಊಟ, ದಿನಕ್ಕೊಂದು ಗೇಣು ತಟ್ಟೆ ಹತ್ತಿರ. ಅವಳು ಶಿಫ್ಟಿಗೆ ಹೋದಾಗ ತಟ್ಟೆ ಸರಿಸುವ ಕೆಲಸ ಪಾಪಮ್ಮನದು.

“ಇನ್ನೇನ್ ಮಾಡ್ಲಿ?” ಎಂದು ಪಾಪಮ್ಮ ಕೇಳಿದಳು.

“ಏನೂ ಮಾಡ್ಬ್ಯಾಡಿ. ಕೂಗಬ್ಯಾಡಿ, ಅಷ್ಟೆ. ನೀವ್ ಗಂಟ್ಲು ಎತ್ತಿದ್ರೆ ಹಿಡಿ ಅಂತೀರ ಅಂದ್ಕಂಡು ಬಂಟ ಎದ್ ನಿಂತ್ಕತಾನೆ. ಆರ್ ವರ್ಷದಿಂದ ಅವನಿಗೆ ಕಲ್ಸಿರೋದು ಅದೇ ಅಲ್ವಾ?”

ಪಾಪಮ್ಮ ಅದನ್ನು ಯೋಚಿಸಿರಲಿಲ್ಲ. ಮಾರನೆಯ ದಿನ ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವನನ್ನು ಕೂಗಿ ಕರೆದಾಗ ಗಮನಿಸಿದಳು. ಅಲ್ಲಿಯವರೆಗೆ ಕಣ್ಣು ಮುಚ್ಚಿ ಮಲಗಿದ್ದ ಬಂಟ ರೋಮ ನೆಟ್ಟಗೆ ಮಾಡಿಕೊಂಡು ಮಂಕರಿಯ ಕಡೆ ನೋಡಿತು. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಂದಿನಿಂದ ಹಾಲಿನವನ ಹತ್ತಿರಕ್ಕೇ ನಡೆದುಹೋಗಿ ಮಾತಾಡಿದಳು. ಗಂಡನನ್ನು ಊಟಕ್ಕೆ ಕರೆಯಲು ತೋಟದವರೆಗೂ ಹೋದಳು. ಲಕ್ಷ್ಮಣಪ್ಪನಿಗೆ ಹೆದರಿಕೆಯಾಗಿ “ಯಾಕ್ಲೇ, ಮೈಗೆ ಸರಿ ಇಲ್ವಾ?” ಎಂದು ಕೇಳಿದ. ಕೂಗದೆ ಇರುವುದು ಕಳೆ ಕೀಳುವುದಕ್ಕಿಂತ ಕಷ್ಟದ ಕೆಲಸ ಎಂದು ಅವಳಿಗೆ ಆ ವಾರ ಗೊತ್ತಾಯಿತು. ಸದ್ದು ಕಡಿಮೆಯಾದ ಮನೆಯಲ್ಲಿ ಬಂಟ ಗುರುಗುಟ್ಟುವುದನ್ನು ಬಿಟ್ಟು ಮಂಕರಿಯ ಕಡೆ ಬೆನ್ನು ಹಾಕಿ ಮಲಗತೊಡಗಿತು.

ಹನ್ನೊಂದನೆಯ ದಿನ, ಭಾನುವಾರ, ಸುಷ್ಮಾ ಮಂಕರಿ ಎತ್ತಿದಳು. ಬಾಲಾಜಿ ಸರಪಳಿ ಬಿಗಿಯಾಗಿ ಹಿಡಿದಿದ್ದ. ಪಾಪಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ದೂರ ನಿಂತಿದ್ದಳು. ಬಂಟ ಹೆಜ್ಜೆ ಹೆಜ್ಜೆಯಾಗಿ ಬಂದು ಮೂಗು ಚಾಚಿತು. ನಟ್ಟು ಬೆನ್ನು ಬಿಲ್ಲು ಮಾಡಿ, ಮೂಗಿಗೆ ಪಟಪಟನೆ ಎರಡು ಬಾರಿಸಿತು. ಹಂದಿಯೊಡನೆ ಕಾದಾಡಿದ ಬಂಟ ಅಲ್ಲೇ ಕುಂಡಿಯೂರಿ ಕೂತು, ಇನ್ನು ಏನು ಮಾಡಬೇಕೋ ತಿಳಿಯದೆ ಪಾಪಮ್ಮನ ಮುಖ ನೋಡಿತು. ಪಾಪಮ್ಮ ಏನೂ ಹೇಳಲಿಲ್ಲ. ಬಂಟ ಮುಖ ತಿರುಗಿಸಿ, ನಿಧಾನವಾಗಿ ನೆಲಕ್ಕೆ ಒರಗಿತು. ನಟ್ಟು ಅದರ ಬಾಲದ ತುದಿಯನ್ನು ಹಿಡಿಯಲು ಹೋಯಿತು.

ಮುಂದಿನ ವಾರ ಸುಷ್ಮಾಗೆ ರಾತ್ರಿ ಶಿಫ್ಟು. ಗುರುವಾರ ಬೆಳಿಗ್ಗೆ ಎಂಟಕ್ಕೆ ಬಂದು, ಮುದ್ದೆ ಉಂಡು ಮಲಗಿದಳು. ಗ್ರೈಂಡರನ್ನು ಲಕ್ಷ್ಮಣಪ್ಪ ದನದ ಕೊಟ್ಟಿಗೆಗೆ ಸಾಗಿಸಿ ಆಗಲೇ ಮೂರು ದಿನವಾಗಿತ್ತು. ರಮಾದೇವಿ ‘ಪಾಪಮ್ಮಕ್ಕಾ’ ಎಂದು ಬೀದಿಯ ತುದಿಯಿಂದ ಕೂಗುತ್ತಾ ಬಂದವಳು, ಪಾಪಮ್ಮ ಕೈಯಲ್ಲಿ ಮೊರ ಎತ್ತಿದ್ದು ನೋಡಿ ಅಲ್ಲೇ ನಿಂತಳು. ಕೋಣೆಯ ಬಾಗಿಲಿಗೆ ಅಡ್ಡಲಾಗಿ ಬಂಟ ಮಲಗಿತ್ತು. ಅದರ ಹೊಟ್ಟೆಗೆ ಒತ್ತಿಕೊಂಡು ನಟ್ಟು ಮಲಗಿತ್ತು.

ಹನ್ನೊಂದರ ಹೊತ್ತಿಗೆ ಪಾಪಮ್ಮನ ಫೋನಿಗೆ ಬಾಲಾಜಿ ಕರೆ ಮಾಡಿದ. “ಅವ್ವ, ಹೊಸೂರಲ್ಲಿ ಮೊದ್ಲು ನೋಡಿದ್ವಲ್ಲ, ಆ ಬಾಡಿಗೆ ಮನೆ ಓನರು ಈಗ್ಲೇ ಹೇಳು ಅಂತಾ ಅವ್ನೆ. ಬೇರೆಯವರು ಬಂದವ್ರಂತೆ. ಅವಳ ಫೋನ್ ಆಫ್ ಆಗೈತೆ. ಒಸಿ ಕೇಳಿ ಹೇಳವ್ವ.”

ಪಾಪಮ್ಮ ಫೋನ್ ಹಿಡಿದುಕೊಂಡು ನಡುಮನೆಯಲ್ಲಿ ನಿಂತಳು. ಬೇಡವಂತೆ ಎಂದು ತಾನೇ ಹೇಳಿಬಿಟ್ಟರೆ ಕೇಳುವವರು ಯಾರು? ಬಾಯಿಯವರೆಗೆ ಬಂದಿತ್ತು. ಆದರೆ ಹುಡುಗಿಯನ್ನು ಕೇಳದೆ ಮಾಡಿದ ಒಂದು ಕೆಲಸದ ಫಲ ಅವಳು ಈಗಾಗಲೇ ಉಂಡಿದ್ದಳು. ಸೀರೆ ಎತ್ತಿ ಹಿಡಿದು ನಾಯಿ ಬೆಕ್ಕು ಎರಡನ್ನೂ ದಾಟಿ ಕೋಣೆಯೊಳಗೆ ಹೋದಳು. ಸುಷ್ಮಾಳ ಭುಜ ಮುಟ್ಟಿ, ತನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದಳು, “ಮಗ, ಹೊಸೂರ್ ಮನೆಯವ್ರು ಕೇಳ್ತಾ ಅವ್ರಂತೆ. ಓಡಾಟ ನಿಂಗೆ ಕಷ್ಟ, ನಂಗೊತ್ತು. ಹೋಗ್ತೀನಿ ಅಂದ್ರೆ ನಾನ್ ಬೇಜಾರ್ ಮಾಡ್ಕಳಲ್ಲ. ಏನಂತ ಹೇಳ್ಲಿ?”

ಸುಷ್ಮಾ ಕಣ್ಣು ಬಿಡಲಿಲ್ಲ. ಅತ್ತೆಯ ಕೈಯನ್ನು ಹಿಡಿದು, ಕೆನ್ನೆಯ ಕೆಳಗೆ ಇಟ್ಟುಕೊಂಡು ಗೋಡೆಯ ಕಡೆ ಹೊರಳಿದಳು.

“ಬ್ಯಾಡ ಅನ್ನಿ ಅತ್ತೆ. ನಿದ್ದೆ ಬತ್ತಾ ಐತೆ.”

ಕೈ ಬಿಡಿಸಿಕೊಳ್ಳಲು ಪಾಪಮ್ಮನಿಗೆ ಮನಸ್ಸು ಬರಲಿಲ್ಲ. ಹಾಗೇ ಮಂಚದ ಅಂಚಿಗೆ ಕೂತು, ಇನ್ನೊಂದು ಕೈಯಲ್ಲಿ ಫೋನನ್ನು ಬಾಯಿಗೆ ಹತ್ತಿರ ಹಿಡಿದು ಪಿಸುಗುಟ್ಟಿದಳು.

“ಬ್ಯಾಡವಂತೆ ಕಣ್ಲಾ. ಇನ್ನೊಂದ್ ಕಿತ ಫೋನ್ ಮಾಡ್ಬ್ಯಾಡ, ನನ್ ಮಗಳು ಮಲಗವ್ಳೆ.”